ಓಲೆಕಟ್ಟಿನ ಕಾರ್ಯಾಗಾರ: ಕ್ಯಾಮೆರಾಕ್ಕೆ ಒಂದು ದಿನ, ಉಳಿದೆರಡು ದಿನ ವಿವರಕ್ಕೆ, ನಕಲಿಗೆ

ತಾಳೆಗರಿಯ ಓಲೆಕಟ್ಟುಗಳಂಥ ಹಸ್ತಪ್ರತಿಗಳ ಡಿಜಿಟಲೀಕರಣದ ಕಾರ್ಯಾಗಾರ ಎಂದಕೂಡಲೇ ಆಯೋಜಕರ ತಲೆ ಓಡುವುದು ಕ್ಯಾಮೆರಾದ ಕಡೆಗೆ. ಯಾವ ಮಾಡೆಲ್, ಎಷ್ಟು ಮೆಗಾಪಿಕ್ಸೆಲ್, ಬಾಡಿಗೆಗೆ ಸಿಗುತ್ತದೆಯೇ? ಮೂರು ದಿನದ ಕಾರ್ಯಕ್ರಮದಲ್ಲಿ ಎರಡು ದಿನ ಅದಕ್ಕೇ ಹೋಗುತ್ತದೆ. ಕೊನೆಯ ಮಧ್ಯಾಹ್ನ, ಪ್ರಮಾಣಪತ್ರ ಹಂಚುವುದಕ್ಕೆ ಮುಂಚಿನ ಮುಕ್ಕಾಲು ಗಂಟೆಯಲ್ಲಿ ಮೆಟಾಡೇಟಾ, ಅಂದರೆ ಪ್ರತಿ ಮತ್ತು ಚಿತ್ರದ ವಿವರಗಳ ದಾಖಲೆಯ ಬಗ್ಗೆ ಒಂದು ಉಪನ್ಯಾಸ. ಊರಿಗೆ ಮರಳಿದವರು ಚೆಂದದ ಫೋಟೊ ತೆಗೆಯುತ್ತಾರೆ, ಆರು ತಿಂಗಳ ಮೇಲೆ ಯಾವ ಫೋಟೊ ಯಾವ ಕಟ್ಟಿನದೆಂದು ಅವರಿಗೇ ತಿಳಿಯುವುದಿಲ್ಲ. ಮಸುಕಾದ ಚಿತ್ರವನ್ನು ಮತ್ತೆ ತೆಗೆಯಬಹುದು. ಗರಿಗಳ ಕ್ರಮ ಒಮ್ಮೆ ತಪ್ಪಿ, ಹಾಗೇ ಕಟ್ಟಿ ಕಪಾಟಿಗೆ ಸೇರಿಸಿಬಿಟ್ಟರೆ ಸರಿಪಡಿಸಲು ಆ ಲಿಪಿ ಓದಬಲ್ಲವರು ಮತ್ತೆ ಕೂರಬೇಕು.

ಹಾಗಾಗಿ ಜಿಲ್ಲಾ ಮಟ್ಟದ ಕಾರ್ಯಾಗಾರದ ಗುರಿ ಒಂದೇ ಇರಲಿ. ಬಂದವರು ಒಂದೇ ಒಂದು ಕಟ್ಟನ್ನು ದಾರ ಬಿಚ್ಚುವಲ್ಲಿಂದ ಹಿಡಿದು ಮೂರನೇ ಬ್ಯಾಕಪ್‌ವರೆಗೆ ಪೂರ್ತಿಯಾಗಿ ಮಾಡಿ ಹೋಗಬೇಕು. 12ರಿಂದ 16 ಜನ, ನಾಲ್ವರಿಗೊಂದು ಮೇಜು. ಅದಕ್ಕಿಂತ ಹೆಚ್ಚಾದರೆ ಹಿಂದೆ ನಿಂತವರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆಯೇ ಹೊರತು ಕೈಯಲ್ಲಿ ಗರಿ ಹಿಡಿಯುವುದಿಲ್ಲ. ಉದ್ಘಾಟನೆಯನ್ನು ಮೊದಲ ದಿನ ಬೆಳಿಗ್ಗೆ ಇಡಬೇಡಿ. ಅತಿಥಿಗಳು ಬರುವುದು ಹನ್ನೊಂದಕ್ಕೆ, ಹಾರ-ಶಾಲು ಮುಗಿಯುವಾಗ ಊಟದ ಹೊತ್ತು. ಸಮಾರೋಪದಲ್ಲೇ ಎಲ್ಲ ಗೌರವಾರ್ಪಣೆ ಮುಗಿಸಿದರೆ ಅರ್ಧ ದಿನ ಉಳಿಯುತ್ತದೆ.

ಕಾಲವನ್ನೂ ನೋಡಬೇಕು. ಕರಾವಳಿ, ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟು ಬಿಚ್ಚದಿರುವುದೇ ಒಳ್ಳೆಯದು. ಗಾಳಿಯ ತೇವ ಶೇ 65 ದಾಟಿದರೆ ಬೂಸ್ಟಿಗೆ ಅನುಕೂಲ, ಮಳೆಗಾಲದಲ್ಲಿ ಅದು ಸಲೀಸಾಗಿ ದಾಟುತ್ತದೆ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಸಮಯ. ಎಸಿ ಕೋಣೆಯಲ್ಲಿಟ್ಟ ಕ್ಯಾಮೆರಾವನ್ನು ಸೆಕೆಯ ಹಾಲ್‌ಗೆ ತಂದರೆ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ. ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಹಾಗೇ ಬಿಡಬೇಕು.

ಕಲಿಯುವವರ ಕೈಗೆ ಮೊದಲ ದಿನ ಮೂಲಪ್ರತಿ ಕೊಡಬಾರದು. ಖಾಲಿ ತಾಳೆಗರಿಗಳನ್ನು ತರಿಸಿ, ಕಂಟದಲ್ಲಿ (ಗರಿಯ ಮೇಲೆ ಗೀರಿ ಬರೆಯುವ ಲೋಹದ ಮೊನೆ) ನಾಲ್ಕು ಸಾಲು ಗೀರಿಸಿ, ಅರ್ಧದಷ್ಟಕ್ಕೆ ಕಾಡಿಗೆ ತುಂಬಿ, ಉಳಿದರ್ಧ ಹಾಗೇ ಬಿಟ್ಟು, 20 ಗರಿಯ ಅಭ್ಯಾಸದ ಕಟ್ಟುಗಳನ್ನು ಮೇಜಿಗೊಂದರಂತೆ ಮಾಡಿಡಿ. ಬೇಕೆಂದೇ ಎರಡು ಗರಿಗಳನ್ನು ಅದಲುಬದಲು ಮಾಡಿ, ಒಂದನ್ನು ತಲೆಕೆಳಗಾಗಿ ಸೇರಿಸಿ, ಒಂದರ ಸಂಖ್ಯೆಯ ಅಂಚನ್ನು ಮುರಿದಿಡಿ. ನಿಜವಾದ ಭಂಡಾರದಲ್ಲಿ ಎದುರಾಗುವುದೂ ಇದೇ.

ಹಿಡಿಯುವ ಕ್ರಮ ಸರಳ. ಸೋಪಿನಿಂದ ತೊಳೆದು ಪೂರ್ತಿ ಒರೆಸಿದ ಬರಿಗೈ ಸಾಕು. ಬಟ್ಟೆಯ ಕೈಗವಸು ಬೇಡ, ಗರಿಯ ಸೀಳಿದ ಅಂಚಿಗೆ ನೂಲು ಸಿಕ್ಕಿ ಚೂರು ಎದ್ದುಬರುತ್ತದೆ. ಗರಿಯನ್ನು ಎರಡೂ ಕೈಯಿಂದ ಉದ್ದದ ಅಂಚಿನಲ್ಲಿ ಹಿಡಿಯಬೇಕು. ಮಗುಚುವುದು ಉದ್ದದ ಅಂಚಿನ ಮೇಲೆ, ಕೆಳಗಿನ ಅಂಚು ಮೇಲೆ ಬರುವಂತೆ. ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಹಿಂಬದಿಯ ಬರಹ ತಲೆಕೆಳಗಾಗುತ್ತದೆ, ಹೊಸಬರು ತಪ್ಪದೆ ಎಡವುವ ಜಾಗ ಇದು. ಅಂಟಿಕೊಂಡ ಗರಿಗಳನ್ನು ಕಾರ್ಯಾಗಾರದಲ್ಲಿ ಬಿಡಿಸಬಾರದು, ಮೂಲಪ್ರತಿಗೆ ಎಣ್ಣೆ-ಕಾಡಿಗೆ ಸವರಲೂಬಾರದು. ಅದು ಸಂರಕ್ಷಕರ ಕೆಲಸ.

ಇನ್ನು ಕ್ಯಾಮೆರಾ. ಸ್ಟ್ಯಾಂಡ್ ಮೇಲೆ ಅದನ್ನು ನೇರ ಕೆಳಮುಖವಾಗಿ ಕೂರಿಸುವುದಕ್ಕೆ ಒಂದು ಚಿಕ್ಕ ಕನ್ನಡಿ ಸಾಕು. ಗರಿ ಇಡುವ ಜಾಗದಲ್ಲಿ ಕನ್ನಡಿಯನ್ನು ಮಟ್ಟಸವಾಗಿ ಇಡಿ, ಪರದೆಯ ನಟ್ಟನಡುವೆ ಲೆನ್ಸಿನ ಪ್ರತಿಬಿಂಬ ಕಾಣುವವರೆಗೆ ಕ್ಯಾಮೆರಾ ಓರೆ ತಿದ್ದಿ. ಎರಡು ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಎರಡು ಎಲ್‌ಇಡಿ ದೀಪ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 100, ಲೆನ್ಸಿನ ತೆರವು ಎಫ್/8, ಶಟರ್ 1/25 ಸೆಕೆಂಡ್ ಅಥವಾ ಇನ್ನೂ ನಿಧಾನ. ಅಗ್ಗದ ಎಲ್‌ಇಡಿ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ಶಟರ್ ವೇಗ ಹೆಚ್ಚಿಸಿದರೆ ಚಿತ್ರದಲ್ಲಿ ಅಡ್ಡ ಪಟ್ಟೆ ಮೂಡುತ್ತದೆ. ಬೆರಳಿನಿಂದ ಒತ್ತುವ ಬದಲು ಎರಡು ಸೆಕೆಂಡಿನ ಟೈಮರ್ ಇಟ್ಟುಕೊಳ್ಳಿ.

ಬೆಳಕಿನ ಅಳತೆಯನ್ನು ಬೂದು ಕಾರ್ಡ್ ಇಟ್ಟು ಒಮ್ಮೆ ಮ್ಯಾನುಯಲ್‌ನಲ್ಲಿ ನಿಗದಿ ಮಾಡಿ, ಆ ಕಟ್ಟು ಮುಗಿಯುವವರೆಗೆ ಮುಟ್ಟಬಾರದು. ಆಟೊದಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದು ಕಡತದಲ್ಲಿ ಚೆನ್ನಾಗಿ ಕಾಣುತ್ತದೆ. ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯನ್ನು ಮಡಿಸಿ, ಬಳಪದಲ್ಲಿ ಬರೆದ ಲೆಕ್ಕಪತ್ರಗಳು ಈ ಕಡತಗಳು. ಶೃಂಗೇರಿ ಮಠದ ಕಡತಗಳು ಹೆಸರಾದವು. ಕ್ಯಾಮೆರಾ ತನ್ನ ಎದುರಿನ ಕಪ್ಪನ್ನೆಲ್ಲ ಬೂದು ಮಾಡಲು ಹೋಗಿ ಬೆಳಕು ಹೆಚ್ಚಿಸುತ್ತದೆ, ತೆಳುವಾದ ಬಿಳಿ ಅಕ್ಷರ ಹರಡಿ ಕರಗಿಹೋಗುತ್ತದೆ. ಕಡತದ ಮೇಲೆ ಬ್ರಷ್ ಆಡಿಸುವುದಂತೂ ಕೂಡದು. ಓಲೆಗರಿಯ ದೂಳು ಹೊಡೆದ ಅಭ್ಯಾಸದಲ್ಲೇ ಇದನ್ನೂ ಒರೆಸಿದರೆ ದೂಳಿನ ಜೊತೆ ಬರಹವೂ ಹೋಗುತ್ತದೆ.

ಮಸಿ ತುಂಬದ ಗರಿಗೆ 45 ಡಿಗ್ರಿಯ ಬೆಳಕಿನಲ್ಲಿ ಏನೂ ಕಾಣದು. ಒಂದು ದೀಪ ಆರಿಸಿ, ಇನ್ನೊಂದನ್ನು ಮೇಜಿನ ಮಟ್ಟಕ್ಕೆ, 10-15 ಡಿಗ್ರಿಗೆ ಇಳಿಸಿದರೆ ಗೀರಿನೊಳಗೆ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ.

ಮೆಗಾಪಿಕ್ಸೆಲ್ ಚರ್ಚೆಯನ್ನು ಭಾಗಾಕಾರವೊಂದರಲ್ಲಿ ಮುಗಿಸಬಹುದು. 24 ಮೆಗಾಪಿಕ್ಸೆಲ್ ಎಂದರೆ ಉದ್ದಕ್ಕೆ 6000 ಬಿಂದು. 400 ಪಿಪಿಐ (ಇಂಚಿಗೆ 400 ಬಿಂದು) ಬೇಕೆಂದರೆ 15 ಇಂಚು, ಅಂದರೆ 38 ಸೆಂ.ಮೀ. ಮಾತ್ರ ಒಂದು ಚಿತ್ರಕ್ಕೆ ಹಿಡಿಯುತ್ತದೆ. 50 ಸೆಂ.ಮೀ. ಗರಿಯನ್ನು ಒಂದೇ ಚಿತ್ರಕ್ಕೆ ತುಂಬಿಸಿದರೆ ಸಿಗುವುದು ಸುಮಾರು 300. ಅಕ್ಷರ ದಪ್ಪಗಿದ್ದರೆ ಅದು ಸಾಕು. ಕಿರಿದಾಗಿದ್ದರೆ ಎಡ-ಬಲ ಎರಡು ಚಿತ್ರ, ನಡುವೆ ಐದಾರು ಸೆಂ.ಮೀ. ಎರಡರಲ್ಲೂ ಬರುವಂತೆ. 200 ಗರಿ, 400 ಮುಖ, 800 ಚಿತ್ರ. 8 ಬಿಟ್ ಟಿಫ್ (ಚಿತ್ರವನ್ನು ಕುಗ್ಗಿಸದೆ ಉಳಿಸುವ ಫೈಲು) ಒಂದಕ್ಕೆ 72 ಎಂಬಿ, ಒಟ್ಟು 58 ಜಿಬಿ. ಈ ಲೆಕ್ಕವನ್ನು ಆಡಳಿತ ಮಂಡಳಿಯ ಮುಂದಿಟ್ಟರೆ ಹಾರ್ಡ್‌ಡಿಸ್ಕ್‌ಗೆ ಹಣ ಕೇಳುವುದು ಸುಲಭ. ಸಮಯ ಉಳಿಸಲು ಐದಾರು ಗರಿಗಳನ್ನು ಒಟ್ಟಿಗೆ ಜೋಡಿಸಿ ತೆಗೆಯುವವರಿದ್ದಾರೆ. ಅನುಭವಿಗಳಿಗೆ ಸರಿ, ಕಲಿಯುವಾಗ ಬೇಡ.

ಎರಡನೇ ದಿನದ ಬೆಳಿಗ್ಗೆಯಿಂದ ಕ್ಯಾಮೆರಾ ಬದಿಗಿಟ್ಟು ವಿವರಕ್ಕೆ ಬರಬೇಕು.

ಮೊದಲು ಸಂಖ್ಯೆ. ಗರಿ ಸಿಕ್ಕ ಕ್ರಮವೇ ಬೇರೆ, ಲಿಪಿಕಾರ ಹಾಕಿದ ಸಂಖ್ಯೆಯೇ ಬೇರೆ. ಎರಡಕ್ಕೂ ಪ್ರತ್ಯೇಕ ಕಾಲಂ ಇರಲಿ, ಒಂದನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಬೇಡಿ. ಸವೆದ ಅಂಚಿನಲ್ಲಿ ೬ ಯಾವುದು ೯ ಯಾವುದೆಂದು ಖಾತ್ರಿಯಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಿ. ಫೈಲಿನ ಹೆಸರಿಗೆ ಸಿಕ್ಕ ಕ್ರಮದ ಸಂಖ್ಯೆಯೇ ಸರಿ. ಸಂಸ್ಥೆಯ ಸಂಕೇತ, ಕಟ್ಟು, ಗರಿ, ಮುಖ ಇಷ್ಟು ಇಂಗ್ಲಿಷ್ ಅಕ್ಷರ-ಅಂಕಿಗಳಲ್ಲಿ, ನಡುವೆ ಅಡಿಗೆರೆ, ಖಾಲಿ ಜಾಗ ಇಲ್ಲದೆ. ಅಂಕಿಗಳು ನಾಲ್ಕು ಸ್ಥಾನದಲ್ಲಿರಲಿ, 2 ಅಲ್ಲ 0002. ಇಲ್ಲದಿದ್ದರೆ ಅನೇಕ ತಂತ್ರಾಂಶಗಳಲ್ಲಿ 10ನೇ ಗರಿ ಎರಡನೆಯದಕ್ಕಿಂತ ಮೊದಲು ಬಂದು ಕೂರುತ್ತದೆ. ಕೃತಿಯ ಹೆಸರನ್ನು ಫೈಲಿಗೆ ಇಡಬಾರದು, ನಾಳೆ ಅದು ಬೇರೆ ಕೃತಿ ಎಂದು ಗೊತ್ತಾದರೆ 800 ಫೈಲುಗಳ ಹೆಸರು ಬದಲಿಸಬೇಕಾಗುತ್ತದೆ.

ಆಮೇಲೆ ಏನನ್ನು ವರ್ಣಿಸುತ್ತಿದ್ದೇವೆ ಎಂಬ ಪ್ರಶ್ನೆ. ಅಮೆರಿಕದ ವಿಷುಯಲ್ ರಿಸೋರ್ಸಸ್ ಅಸೋಸಿಯೇಷನ್‌ನ ವಿಆರ್‌ಎ ಕೋರ್ ಎಂಬ ಮಾದರಿ ಕೃತಿಯ ದಾಖಲೆ, ಚಿತ್ರದ ದಾಖಲೆ, ಸಂಗ್ರಹದ ದಾಖಲೆ ಎಂದು ಮೂರನ್ನು ಬೇರೆ ಮಾಡುತ್ತದೆ. ಆ ಮಾದರಿಯನ್ನು ಇಡಿಯಾಗಿ ಕಲಿಸುವುದು ಬೇಕಿಲ್ಲ, ಈ ವಿಂಗಡಣೆ ಮನಸ್ಸಿಗೆ ಇಳಿದರೆ ಸಾಕು. ಕುಮಾರವ್ಯಾಸ ಭಾರತದ ರಚನೆ 15ನೇ ಶತಮಾನ, ಭಂಡಾರದಲ್ಲಿರುವ ಪ್ರತಿಯನ್ನು ಬರೆದದ್ದು 1750 ಎಂದಿಟ್ಟುಕೊಳ್ಳಿ, ಫೋಟೊ ತೆಗೆದದ್ದು ಈ ವರ್ಷ. ‘ಕಾಲ’ ಎಂಬ ಒಂದೇ ಕಾಲಂ ಕೊಟ್ಟರೆ ಹದಿನಾರು ಜನ ಮೂರು ಬಗೆಯಲ್ಲಿ ತುಂಬುತ್ತಾರೆ. ಕರ್ತೃವಿನ ಹೆಸರೂ ಹಾಗೆಯೇ. ಒಬ್ಬರು ಕುಮಾರವ್ಯಾಸ, ಇನ್ನೊಬ್ಬರು ಗದುಗಿನ ನಾರಣಪ್ಪ ಎಂದು ಬರೆದರೆ ಹುಡುಕುವವರಿಗೆ ಅರ್ಧ ಪ್ರತಿಗಳು ಸಿಗುವುದೇ ಇಲ್ಲ. ಮುಖ್ಯ ರೂಪ ಒಂದು, ಉಳಿದವು ‘ಇತರ ಹೆಸರು’ ಕಾಲಂಗೆ ಎಂದು ಮೊದಲೇ ತೀರ್ಮಾನಿಸಿ ಗೋಡೆಗೆ ಅಂಟಿಸಿ.

ಲಿಪಿ ಮತ್ತು ಭಾಷೆಗೂ ಎರಡು ಕಾಲಂ. ನಮ್ಮ ಭಂಡಾರಗಳಲ್ಲಿ ಕನ್ನಡ ಲಿಪಿಯ ಸಂಸ್ಕೃತ ಕೃತಿಗಳು ಹೇರಳ. ಕರಾವಳಿಯಲ್ಲಿ ತಿಗಳಾರಿ ಲಿಪಿ, ಮಾಧ್ವ ಮಠಗಳಲ್ಲಿ ನಂದಿನಾಗರಿ ಲಿಪಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಗ್ರಂಥ ಲಿಪಿಯದು, ಭಾಷೆ ಸಂಸ್ಕೃತ. ಲಿಪಿ ಗೊತ್ತಾಗದಿದ್ದರೆ ಊಹೆ ಬರೆಯದೆ ‘ಗುರುತಿಸಿಲ್ಲ’ ಎಂದು ಬರೆಯುವುದನ್ನು ಕಲಿಸಬೇಕು.

ತಾರೀಖಿನ ಪಾಠಕ್ಕೆ ಒಂದು ಗಂಟೆ ಇಡೀ ಕೊಡಿ. ಪುಷ್ಪಿಕೆಯಲ್ಲಿ, ಅಂದರೆ ಲಿಪಿಕಾರ ಕೊನೆಯಲ್ಲಿ ಬರೆದ ಟಿಪ್ಪಣಿಯಲ್ಲಿ, ‘ಶಕ 1672 ಪ್ರಮೋದೂತ’ ಎಂದಿದ್ದರೆ ಅದನ್ನು ಇದ್ದಂತೆಯೇ ಒಂದು ಕಾಲಂನಲ್ಲಿ ಬರೆದು, ಪಕ್ಕದಲ್ಲಿ 1750-51 ಎಂದು ನಮೂದಿಸಬೇಕು. ಶಕಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತು. ಆದರೆ ವರ್ಷ ಬದಲಾಗುವುದು ಯುಗಾದಿಗೆ, ಮಾಘ ಫಾಲ್ಗುಣದ ತಿಥಿಯಿದ್ದರೆ ಕೂಡಿಸಬೇಕಾದ್ದು 79. ಶಕವರ್ಷವಿಲ್ಲದೆ ಪ್ರಮೋದೂತ ಎಂದಷ್ಟೇ ಇದ್ದರೆ, ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅದು 1690, 1750, 1810 ಯಾವುದೂ ಆಗಬಹುದು. ಆಗ ಇಸವಿಯ ಕಾಲಂ ಖಾಲಿಯೇ ಇರಲಿ.

ಇಷ್ಟೆಲ್ಲ ಬರೆದಿಟ್ಟದ್ದನ್ನು ಎಕ್ಸೆಲ್ ಹಾಳುಮಾಡುವ ಬಗೆಯನ್ನೂ ತೋರಿಸಬೇಕು. ‘3-4’ ಎಂದು ಗರಿಸಂಖ್ಯೆ ಟೈಪಿಸಿದರೆ ಅದು ತಾರೀಖಾಗಿಬಿಡುತ್ತದೆ, 0045 ಎಂದರೆ ಬರೀ 45. ಟೈಪಿಸುವ ಮುನ್ನವೇ ಕಾಲಂಗಳನ್ನು ಟೆಕ್ಸ್ಟ್ ಎಂದು ಬದಲಿಸಿಕೊಳ್ಳಬೇಕು. ಸಿಎಸ್‌ವಿಯಾಗಿ (ಬರೀ ಪಠ್ಯದ ಪಟ್ಟಿಯಾಗಿ) ಉಳಿಸುವಾಗ ಯುಟಿಎಫ್-8 ಎಂಬ ಯುನಿಕೋಡ್ ರೂಪವನ್ನು ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಹಳೆಯ ಸೂಚಿಗಳು ಯುನಿಕೋಡ್ ಪೂರ್ವದ ನುಡಿ, ಬರಹ ಫಾಂಟುಗಳಲ್ಲಿರುವುದು ಸಾಮಾನ್ಯ. ಪರಿವರ್ತಕ ಬಳಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಬರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಲೇಬೇಕು.

ಹಳೆಯ ಸ್ಟುಡಿಯೊಗಳ ಗಾಜಿನ ನೆಗೆಟಿವ್‌ಗಳನ್ನೂ ಇದೇ ಮೂರು ದಿನಕ್ಕೆ ಸೇರಿಸುವ ಒತ್ತಾಯ ಬರುತ್ತದೆ. ಒಪ್ಪಬೇಡಿ, ಅದಕ್ಕೆ ಹಿಂಬೆಳಕಿನ ಮೇಜು, ನೈಟ್ರೈಲ್ ಗವಸು, ಬೇರೆಯದೇ ಲಕೋಟೆ ಬೇಕು.

ಮೂರನೇ ದಿನ ನಕಲು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ. ಕಾಪಿ ಆದೊಡನೆ ಎರಡೂ ಕಡೆ ಚೆಕ್‌ಸಮ್ (ಫೈಲಿನ ಒಳಗಿನಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತೆಗೆದು ಹೋಲಿಸಿ, ಆಮೇಲಷ್ಟೇ ಕ್ಯಾಮೆರಾದ ಕಾರ್ಡ್ ಅಳಿಸಬೇಕು. ಕಂಪ್ಯೂಟರ್, ಡಿಸ್ಕ್ ಎರಡೂ ಯುಪಿಎಸ್ ಮೇಲಿರಲಿ. ಕಾಪಿಯ ನಡುವೆ ಕರೆಂಟ್ ಹೋದಾಗ ಹೆಸರು ಸರಿಯಾಗಿದ್ದು ಒಳಗೆ ಅರ್ಧ ಚಿತ್ರವಷ್ಟೇ ಇರುವ ಫೈಲುಗಳು ಉಳಿಯುತ್ತವೆ. ಯಾವ ಕಟ್ಟಿನ ಚಿತ್ರ ಸಾರ್ವಜನಿಕರಿಗೆ ತೆರೆಯಬಹುದು, ಯಾವುದು ಕೂಡದು ಎಂಬ ಮಾಲೀಕರ ಲಿಖಿತ ಒಪ್ಪಿಗೆಯನ್ನು ಅದೇ ಫೋಲ್ಡರಿನಲ್ಲಿ ಇಡಬೇಕು.

ಆರೇಳು ವಾರದ ಬಳಿಕ ಒಂದು ದಿನ ಮತ್ತೆ ಸೇರಬೇಕು, ಪ್ರಮಾಣಪತ್ರ ಕೊಡುವುದಿದ್ದರೆ ಅಂದು ಕೊಡಿ. ಪ್ರತಿಯೊಬ್ಬರೂ ತಮ್ಮ ಭಂಡಾರದ ಒಂದು ಕಟ್ಟಿನ ಚಿತ್ರ, ವಿವರಪಟ್ಟಿ ತರಲಿ. ಪಟ್ಟಿಗಳನ್ನು ಅದಲುಬದಲು ಮಾಡಿ, ‘ಲಿಪಿಕಾರನ 37ನೇ ಗರಿಯ ಹಿಂಬದಿ ತೋರಿಸಿ’ ಎಂದು ಕೇಳಿ. ಪಟ್ಟಿ ಬರೆದವರು ಬಾಯಿ ಬಿಡಬಾರದು, ಹುಡುಕುವವರು ಪಟ್ಟಿಯನ್ನು ಮಾತ್ರ ನೋಡಬೇಕು. ಸಿಗದಿದ್ದರೆ ಸಾಮಾನ್ಯವಾಗಿ ತಪ್ಪಿರುವುದು ಸಂಖ್ಯೆಯ ಎರಡು ಕಾಲಂಗಳಲ್ಲಿ. ಸಿಕ್ಕ ಕ್ರಮವನ್ನೇ ಎರಡೂ ಕಡೆ ಇಳಿಸಿರುತ್ತಾರೆ. ಅಂಥ ಪಟ್ಟಿಯನ್ನು ಅಲ್ಲೇ, ಚಿತ್ರಗಳನ್ನು ತೆರೆದಿಟ್ಟು, ಮೊದಲ ಗರಿಯಿಂದ ಮತ್ತೆ ತುಂಬಿಸಿ ಕಳಿಸಬೇಕು.