ಯಾಕೂತಿಯಾದ ಹಸು: ಚಳಿ ಸೀಮೆಯಲ್ಲಿದ್ದೂ ಗಿಡ್ಡ ಯಾಕೆ?

ಬರ್ಗ್‌ಮನ್ ನಿಯಮ ಓದಿದ್ದೀರಲ್ವಾ? 1847ರದು. ಚಳಿ ಸೀಮೆಯ ಪ್ರಾಣಿಗಳ ಮೈ ದೊಡ್ಡದಿರುತ್ತದೆ ಅನ್ನುತ್ತದೆ ಅದು. ಕೊಳದಪ್ಪಲೆಯ ಸಾರು ಆರುವುದಕ್ಕೆ ಹೊತ್ತು ಬೇಕು, ಲೋಟದ ಸಾರು ಬೇಗ ಆರುತ್ತದೆ. ಲೆಕ್ಕ ಅಷ್ಟೇ.

ಈ ಲೆಕ್ಕದಲ್ಲಿ ಸೈಬೀರಿಯಾದ ಹಸು ಆನೆಯ ಹಾಗೆ ಇರಬೇಕಿತ್ತು. ಆದರೆ ರಷ್ಯಾದ ಸೈಬೀರಿಯಾದಲ್ಲೇ ಇರುವ ಯಾಕೂತಿಯಾ ಪ್ರಾಂತ್ಯದ ನಾಟಿ ಹಸುವಿನ ಎತ್ತರ ಹೆಚ್ಚುಕಡಿಮೆ 110 ಸೆಂಟಿಮೀಟರ್. ತೂಕ 350ರಿಂದ 400 ಕಿಲೋ. ಅದು ಇರುವ ಎವೆನೊ-ಬಿತಂತಾಯ್ ಜಿಲ್ಲೆ ಉತ್ತರಧ್ರುವ ವೃತ್ತದ ಆಸುಪಾಸಿನಲ್ಲಿದೆ. ಪಕ್ಕದ ಜಿಲ್ಲೆಯ ವೆರ್ಖೊಯಾನ್ಸ್ಕ್‌ನಲ್ಲಿ 1892ರಲ್ಲಿ ಮೈನಸ್ 67.8 ಡಿಗ್ರಿ ದಾಖಲಾಗಿತ್ತು. ಇಲ್ಲೇ ನಾನೂ ಮೊದಲು ತಲೆ ಕೆರೆದುಕೊಂಡಿದ್ದು.

ಗಂಟು ಇರುವುದು ಮೇವಿನಲ್ಲಿ. ಅಲ್ಲಿ ಹುಲ್ಲು ಬೆಳೆಯುವುದು ಬೇಸಿಗೆಯ ಕೆಲವೇ ವಾರ. ಅಷ್ಟರಲ್ಲಿ ಕೊಯ್ದು, ಒಣಗಿಸಿ, ಬಣವೆ ಹಾಕಬೇಕು. ವರ್ಷದ ಬಹುಪಾಲು ಆ ಒಣಹುಲ್ಲೇ ಗತಿ. ದೊಡ್ಡ ಹಸುವಿಗೆ ಬಿಸಿ ಉಳಿಸಿಕೊಳ್ಳುವುದು ಸುಲಭ, ನಿಜ. ಆದರೆ ಅದರ ಹೊಟ್ಟೆಯೂ ದೊಡ್ಡದು! ಬಣವೆ ಮುಗಿದ ಮೇಲೆ ಮೈಯ ಬಿಸಿ ಕಟ್ಟಿಕೊಂಡು ಏನು ಮಾಡೋದು? ಹಾಗಾಗಿ ಕಡಿಮೆ ತಿಂದು ಬದುಕುವ ಗಿಡ್ಡ ಮೈಯೇ ಉಳಿಯಿತು ಅಂತ ನನ್ನ ತಿಳಿವಳಿಕೆ. ನಮ್ಮ ಮಲೆನಾಡು ಗಿಡ್ಡ ಜಡಿಮಳೆಯ ಊರಿನದು, ಚಳಿಯ ಗೊಡವೆ ಅದಕ್ಕಿಲ್ಲ. ಆದರೂ ಅದು ಇನ್ನೂ ಕುಳ್ಳು. ಅಲ್ಲೂ ಬಡ ಹುಲ್ಲಿನದೇ ಕಥೆ.

ಹಾಗಂತ ಯಾಕೂತಿಯಾದ ಹಸುವಿನಲ್ಲಿ ಚಳಿಗೆ ಏನೂ ತಯಾರಿ ಇಲ್ಲ ಅಂತಲ್ಲ. ಕಾಲು ಮೋಟು, ಎದೆ ಆಳ, ತುಪ್ಪಳ ದಟ್ಟ. ಕೆಚ್ಚಲು ಚಿಕ್ಕದು, ಅದರ ಮೇಲೂ ಕೂದಲು. ನೇತಾಡುವ ದೊಡ್ಡ ಕೆಚ್ಚಲು ಆ ಚಳಿಯಲ್ಲಿ ಹೆಪ್ಪುಗಟ್ಟಿಬಿಡುತ್ತದೆ. ಬೇಸಿಗೆಯಲ್ಲಿ ಗಬಗಬ ಮೇದು ಚರ್ಮದಡಿ ಕೊಬ್ಬು ಕೂಡಿಡುತ್ತವೆ, ಚಳಿಗಾಲದಲ್ಲಿ ಅದನ್ನೇ ಕರಗಿಸಿಕೊಳ್ಳುತ್ತವೆ. ಯಾಕೂತಿಯಾದ ಸ್ಥಳೀಯರಾದ ಸಖಾ ಜನ ಈ ಹಸುಗಳನ್ನು 'ಖೊತೊನ್' ಎಂಬ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಅದರ ಮರದ ಗೋಡೆಗೆ ಸಗಣಿ ಮೆತ್ತುತ್ತಾರೆ. ಬೇಸಿಗೆಯಲ್ಲಿ ಸೊಳ್ಳೆ ಓಡಿಸಲು ಒಣ ಸಗಣಿಯ ಹೊಗೆ ಹಾಕುತ್ತಾರೆ. ಇದು ಮಾತ್ರ ನಮಗೆ ಹೊಸದೇನಲ್ಲ.

ಹಾಲು ವರ್ಷಕ್ಕೆ ಸುಮಾರು 1,000 ಕಿಲೋ. ಕೊಬ್ಬಿನಂಶ ಜಾಸ್ತಿ, ಆದರೆ ಅಳತೆಯಲ್ಲಿ ಕಡಿಮೆ. ಇದೇ ಅದಕ್ಕೆ ಮುಳುವಾಯಿತು. 1929ರಿಂದ ಸೋವಿಯತ್ ಆಡಳಿತ ಸಿಮೆಂಟಲ್, ಖೋಲ್ಮೊಗೋರಿ ತಳಿಗಳ ಜೊತೆ ಬೆರಕೆ ಮಾಡಿಸಿತು. ಬೆರಕೆ ಹಸು ಹಾಲು ಜಾಸ್ತಿ ಕೊಟ್ಟಿತು, ಸರಿ. ಮೇವೂ ಜಾಸ್ತಿ ಕೇಳಿತು, ಆರೈಕೆಯೂ ಜಾಸ್ತಿ. ಅಪ್ಪಟ ತಳಿ ಮೂಲೆಯ ಕೆಲವು ಹಳ್ಳಿಗಳಲ್ಲಷ್ಟೇ ಉಳಿಯಿತು. ಹಾಲಿನ ಲೀಟರ್ ಎಣಿಸುವವರು ಬಣವೆಯನ್ನೂ ಎಣಿಸಬೇಕಿತ್ತು.

ಕೊನೆಗೊಂದು ವಿಷಯ, ಗೊಂದಲ ಮಾಡಿಕೊಳ್ಳಬೇಡಿ. 2021ರಲ್ಲಿ ಪ್ರಕಟವಾದ, ಈ ಹಸುವಿನ ಜೀನೋಮ್ (ಇಡೀ ಜೀನ್‌ಗಳ ಗಂಟು) ಅಧ್ಯಯನವೊಂದರಲ್ಲಿ ಎನ್‌ಆರ್‌ಎಪಿ ಎಂಬ ಜೀನ್‌ನಲ್ಲಿ ಒಂದು ಬದಲಾವಣೆ ಕಂಡಿತು. ಆ ಜೀನ್ ಹೃದಯದ ಸ್ನಾಯುವಿಗೆ ಸೇರಿದ್ದು. ಚಳಿನಿದ್ದೆ ಮಾಡುವ ಕೆಲವು ಪ್ರಾಣಿಗಳಲ್ಲೂ ಅದೇ ಜಾಗದಲ್ಲಿ ಅದೇ ಬದಲಾವಣೆ ಇದೆ. ಅಂದರೆ ಈ ಹಸು ಚಳಿನಿದ್ದೆ ಮಾಡುತ್ತದೆ ಅಂತ ಅರ್ಥವಲ್ಲ. ಅದು ಚಳಿಗಾಲವಿಡೀ ಎದ್ದೇ ಇರುತ್ತದೆ, ಖೊತೊನ್‌ನಲ್ಲಿ ಒಣಹುಲ್ಲು ಮೆಲುಕು ಹಾಕುತ್ತಾ.