ಮನೆಗೆ ಯಾವ ತಳಿಯ ನಾಯಿ? ಮೊದಲು ಮೂಗು ನೋಡಿ

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿ ಒಂದಿಷ್ಟು ಬೆವರುತ್ತದೆ, ಅಷ್ಟೇ. ಮೈ ತಣಿಯಬೇಕಾದರೆ ಅದು ನಾಲಿಗೆ ಚಾಚಿ ತೇಕಬೇಕು. ಬಾಯಿ, ಮೂಗಿನೊಳಗಿನ ತೇವ ಆವಿಯಾಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಕಲಬುರಗಿಯ ಬಿಸಿಲಿಗಾಗಲಿ ಮಂಗಳೂರಿನ ಸೆಕೆಗಾಗಲಿ ನಾಯಿ ತರುವವರು ಬಣ್ಣಕ್ಕಿಂತ ಮೊದಲು ಮೂಗಿನ ಉದ್ದ ನೋಡಬೇಕಾದ್ದು ಇದಕ್ಕೇ.

ಪಗ್, ಫ್ರೆಂಚ್ ಬುಲ್‌ಡಾಗ್‌ಗಳ ತಲೆಬುರುಡೆ ಗಿಡ್ಡವಾಗಿದೆ, ಆದರೆ ಒಳಗಿನ ಮೆದು ಅಂಗುಳ ಆ ಪ್ರಮಾಣದಲ್ಲಿ ಗಿಡ್ಡವಾಗಿಲ್ಲ. ಅದು ಗಂಟಲಿಗೆ ಅಡ್ಡ ಬರುತ್ತದೆ. ಮೂಗಿನ ಹೊಳ್ಳೆಗಳೂ ಕಿರಿದು. ಮುದ್ದಾಗಿ ಕೇಳಿಸುವ ಆ ಗೊರಕೆ ಉಸಿರಿನ ತೊಡಕು. ನಾಯಿಯ ಸಹಜ ತಾಪಮಾನ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಬಿಸಿಲಿಗೆ ಕುಸಿದ ನಾಯಿಯ ಮೈಮೇಲೆ ಮೊದಲು ನೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ.

ಹಿಮನಾಡಿನ ತಳಿಯಾದ ಹಸ್ಕಿಯ ತೊಡಕು ಮೂಗಿನದಲ್ಲ, ಎರಡು ಪದರದ ತುಪ್ಪಳದ್ದು. ಬೇಸಿಗೆಗೆಂದು ಬೋಳಿಸಿದರೆ ಚರ್ಮಕ್ಕೆ ನೇರ ಬಿಸಿಲು ತಾಗುತ್ತದೆ, ಕೂದಲೂ ಸರಿಯಾಗಿ ಮರಳಿ ಬಾರದಿರಬಹುದು. ಹಗಲಿಡೀ ಎಸಿ ಹಾಕಲು ಆಗದವರು ಅದರ ನೀಲಿಗಣ್ಣಿಗೆ ಮರುಳಾಗದಿರುವುದೇ ಲೇಸು.

ಲ್ಯಾಬ್ರಡಾರ್ ಸಾಧು, ನಿಜ. ಹೊಟ್ಟೆಬಾಕತನ ಮಾತ್ರ ಕೆಲವಕ್ಕೆ ಹುಟ್ಟಿನಿಂದಲೇ ಬಂದದ್ದು. ಹಸಿವನ್ನು ಹತೋಟಿಯಲ್ಲಿಡುವ ಪಿಒಎಂಸಿ ಎಂಬ ಜೀನಿನ ಒಂದು ಭಾಗ ಸುಮಾರು ಕಾಲು ಪಾಲು ಲ್ಯಾಬ್ರಡಾರ್‌ಗಳಲ್ಲಿ ಕಾಣೆಯಾಗಿದೆ ಎಂದು ಕೇಂಬ್ರಿಡ್ಜ್ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಅಜ್ಜಿ ಕೊಡುವ ಬಿಸ್ಕತ್ತೂ ಲೆಕ್ಕಕ್ಕೆ ಬರಬೇಕು. ಊಟವನ್ನು ತಕ್ಕಡಿಯಲ್ಲಿ ತೂಗಿ ಹಾಕಿ. ಪಕ್ಕೆ ಸವರಿದಾಗ ಎಲುಬು ಕೈಗೆ ಸಿಗದಿದ್ದರೆ ಊಟ ಹೆಚ್ಚಾಗಿದೆ ಎಂದೇ ಅರ್ಥ.

ಮುಧೋಳ ನಾಯಿಗೆ ಉದ್ದ ಮೂಗು, ತೆಳು ಕೂದಲು. ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವೂ ಇದೆ. ಆದರೆ ಇದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಬೇಟೆನಾಯಿ. ಬೆಕ್ಕು ಓಡಿತೆಂದರೆ ನಿಮ್ಮ ಕೂಗು ಕಿವಿಗೆ ಬೀಳುವುದಿಲ್ಲ. ಬೇಲಿಯಿರುವ ತೋಟಕ್ಕೆ ಒಪ್ಪುತ್ತದೆ, ಮೂರನೇ ಮಹಡಿಯ ಫ್ಲ್ಯಾಟ್‌ಗೆ ಕಷ್ಟ.

ಇದೆಲ್ಲ ಮೈಕಟ್ಟಿನ ಮಾತು. ಸ್ವಭಾವ ತಳಿಯ ಹೆಸರಿನಲ್ಲಿ ಅಷ್ಟಾಗಿ ಸಿಗದು. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಪರಿಶೀಲಿಸಿ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ. 9ರಷ್ಟೇ. 'ಈ ತಳಿ ಮಕ್ಕಳಿಗೆ ಒಳ್ಳೆಯದು' ಎಂಬ ಮಾರಾಟಗಾರರ ಮಾತನ್ನು ಅಷ್ಟಕ್ಕಷ್ಟೇ ನಂಬಿ. ಮರಿಯ ತಾಯಿ ಅಪರಿಚಿತರ ಜೊತೆ ಹೇಗಿರುತ್ತದೆ ಎಂದು ಕಣ್ಣಾರೆ ನೋಡಿ. ಎಂಟು ವಾರ ತುಂಬದ ಮರಿ ಬೇಡ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಮರಿಯೇ ಸರಿಹೋಗದು. ಮೂರು ತಿಂಗಳ ಮರಿ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ಅಂಥವರು ಆಶ್ರಯಧಾಮದಿಂದ ಎರಡು ಮೂರು ವರ್ಷದ ನಾಡನಾಯಿಯನ್ನು ತರಬಹುದು. ಅದರ ಗಾತ್ರ, ಗುಣ ಎರಡೂ ಆಗಲೇ ಗೊತ್ತಾಗಿರುತ್ತವೆ. ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ಹೋಗಿ, ಮಕ್ಕಳನ್ನೂ ಕರೆದೊಯ್ದು, ತಟ್ಟೆಯ ಬಳಿ ಹೋದರೆ ಗುರ್ ಎನ್ನುತ್ತದೆಯೇ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ.