ಶಾಂಪೂ: ನೊರೆಗೂ ಮುಂಚಿನ ಕಥೆ

ಹದಿನೆಂಟನೇ ಶತಮಾನದ ಇಂಗ್ಲಿಷ್ ಬರಹವೊಂದರಲ್ಲಿ, ಊಟವಾದ ಮೇಲೆ ಸಾಹೇಬರಿಗೆ ಆಳು ಶಾಂಪೂ ಮಾಡಿದ ಅಂತ ಬಂದರೆ ತಲೆಸ್ನಾನ ಅಂದುಕೊಳ್ಳಬೇಡಿ. ಕೈಕಾಲು ಒತ್ತಿದ, ಅಷ್ಟೇ. ನೀರಿನ ಮಾತೇ ಇಲ್ಲ.

ಪದದ ಮೂಲ ಹಿಂದಿಯ ‘ಚಾಂಪ್‌ನಾ’, ಅಂದರೆ ಒತ್ತು, ಅದುಮು. ಅದರ ಆಜ್ಞಾರೂಪ ‘ಚಾಂಪೋ’ 1762ರ ಹೊತ್ತಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿದೆ. ಆಜ್ಞಾರೂಪವೇ ಯಾಕೆ? ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರಿಗೆ ಇಲ್ಲಿನ ಕ್ರಿಯಾಪದಗಳು ಬೇಕಾಗಿದ್ದುದು ಹೆಚ್ಚಾಗಿ ಅಪ್ಪಣೆ ಕೊಡಲಿಕ್ಕೆ. ದೋಣಿಯನ್ನು ದಡಕ್ಕೆ ಕಟ್ಟಿಸುವ ‘ಲಗಾವೋ’ ಕೂಡ ಹೀಗೇ ಅವರ ಬಾಯಲ್ಲಿ ಇಂಗ್ಲಿಷ್ ಕ್ರಿಯಾಪದವಾಗಿತ್ತು. ಅದು ಉಳಿಯಲಿಲ್ಲ, ಇದು ಉಳಿಯಿತು.

ಉಳಿದದ್ದರಲ್ಲಿ ಪಟ್ನಾದ ಶೇಖ್ ದೀನ್ ಮೊಹಮ್ಮದನ ಪಾಲು ದೊಡ್ಡದು. 1759ರಲ್ಲಿ ಹುಟ್ಟಿ, ಕಂಪನಿಯ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ ನೆಲೆಸಿದವನು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಹೋಟೆಲು ತೆರೆದು ದಿವಾಳಿಯಾದ. ಆಮೇಲೆ ಕಡಲತೀರದ ಬ್ರೈಟನ್‌ಗೆ ಹೋಗಿ ಹಬೆಸ್ನಾನದ ಮನೆ ನಡೆಸಿದ. ಗಿರಾಕಿಯನ್ನು ಫ್ಲಾನೆಲ್ ಬಟ್ಟೆಯ ಗುಡಾರದೊಳಗೆ ಕೂರಿಸಿ, ಮೂಲಿಕೆ ಹಾಕಿದ ಬಿಸಿ ಹಬೆ ಬಿಟ್ಟು ಚೆನ್ನಾಗಿ ಬೆವರಿಸುವುದು. ಗುಡಾರಕ್ಕೆ ಹೊಲಿದ ತೋಳುಗಳಲ್ಲಿ ಹೊರಗಿನಿಂದ ಕೈ ತೂರಿಸಿ ಮೈ ನಾದುವುದು. ಈ ನಾದುವಿಕೆಯೇ ಆಗಿನ ಶಾಂಪೂ. ಸಂಧಿವಾತದವರು ಮುಗಿಬಿದ್ದರು. ನಾಲ್ಕನೇ ಜಾರ್ಜ್ ದೊರೆಯೇ ಅವನನ್ನು ತನ್ನ ‘ಶಾಂಪೂ ಸರ್ಜನ್’ ಮಾಡಿಕೊಂಡ. ಹೋಟೆಲಿನಲ್ಲಿ ಕೈಸುಟ್ಟುಕೊಂಡವನಿಗೆ ಇದು ಸಣ್ಣ ಬಡ್ತಿಯಲ್ಲ!

1860ರ ಸುಮಾರಿಗೆ ಅರ್ಥ ಮೈಯಿಂದ ತಲೆಗೆ ಏರಿತು: ಸೋಪು ಹಚ್ಚಿ ನೆತ್ತಿ ತಿಕ್ಕಿ ತೊಳೆಯುವುದು ಶಾಂಪೂ ಆಯಿತು. ಮುಂದೆ ತೊಳೆಯುವ ಕೆಲಸದ ಹೆಸರು ತೊಳೆಯುವ ವಸ್ತುವಿಗೇ ಅಂಟಿಕೊಂಡಿತು. 1903ರಲ್ಲಿ ಬರ್ಲಿನ್ನಿನ ಹಾನ್ಸ್ ಶ್ವಾರ್ಜ್‌ಕಾಫ್ ಅದನ್ನು ಪುಡಿಯಾಗಿ ಮಾರಿದ. ದ್ರವ ಬಂದದ್ದು ಆಮೇಲೆ. ಈಗಂತೂ ಕಾರು, ಕಾರ್ಪೆಟ್ಟು, ನಾಯಿಗೂ ಬೇರೆ ಬೇರೆ ಶಾಂಪೂ.

ನಮ್ಮಲ್ಲಿ ಈ ಎರಡು ಕೆಲಸ ಎಂದೂ ಕಲಸಿಹೋಗಲಿಲ್ಲ. ತಲೆಗೆ ಎಣ್ಣೆ ‘ಒತ್ತುತ್ತೇವೆ’, ಸೀಗೆಪುಡಿ ಹಾಕಿ ‘ಉಜ್ಜುತ್ತೇವೆ’. ಹಳೇ ಅರ್ಥದ ಶಾಂಪೂ ಮೊದಲನೆಯದು. ಕ್ಷೌರದಂಗಡಿಯಲ್ಲಿ ಈಗ ಅದಕ್ಕೆ ಹೆಡ್ ಮಸಾಜ್ ಅಂತ ಹೆಸರು, ಶಾಂಪೂ ಅಂದರೆ ಬೇರೆ ರೇಟು.